ಆರು ಗಂಟೆಯ ಸಾಂಬಾರ್

ನನ್ನ ಬೆಲ್ಟು ಗಟ್ಟಿ ಇತ್ತು. ಅದಕ್ಕೇ ಈ ಕತೆ ಹೇಳಲು ಉಳಿದಿದ್ದೇನೆ!

ಸಾನಪಾಡಾದ ಒಂದು ಬಿಲ್ಡಿಂಗಿನ ಟೆರೇಸ್. ಕಟ್ಟೆಯಾಚೆಗೆ ನನ್ನ ಮುಕ್ಕಾಲು ದೇಹ. ಇಬ್ಬರು ದಡೂತಿ ಆಸಾಮಿಗಳು ನನ್ನ ಬೆಲ್ಟು ಹಿಡಿದುಕೊಂಡಿದ್ದರು. ಅವರಲ್ಲಿ ಒಬ್ಬನಿಗೆ ಸೀನು ಬರುವ ಹಾಗಿತ್ತು...

ಕೆಳಗೆ ರಿಕ್ಷಾಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು.

ಹೆದರಿಕೆ ಆಗಲಿಲ್ಲವೇ ಅಂತೀರಾ? ಆಯಿತು. ಚೆನ್ನಾಗಿಯೇ ಆಯಿತು.

ನಾನು ದೇಜಪ್ಪ. ಪೊಲೀಸರಿಗೆ ಹೇಳಲಾಗದ ತಾಪತ್ರಯ ಬಂದರೆ ಈ ಮರಾಠಿ ನಾಡಿನ ಡೊಂಬಿವಲಿಯಲ್ಲಿ ನಮ್ಮ ಕನ್ನಡ-ತುಳುವಿನವರು ನನಗೆ ಹೇಳುತ್ತಾರೆ. ಅವತ್ತು ಮಧ್ಯಾಹ್ನ ಕರೆದವರು ಸ್ಟೇಷನ್ ಹತ್ತಿರ ವೆಜ್ ಹೋಟೆಲ್ ನಡೆಸುವ ರಘುಪತಿ ಭಟ್ಟರು.

ಭಟ್ಟರ ಮೊಬೈಲಿನಲ್ಲಿ ಒಂದು ವಿಡಿಯೊ. ಯಾರೋ ಅಡುಗೆಮನೆಯ ಕಿಂಡಿಯಿಂದ ಕದ್ದು ತೆಗೆದದ್ದು. ಭಟ್ಟರ ಹೆಂಡತಿ ವಾರಿಜಕ್ಕ, ಕಲಬುರಗಿ ಕಡೆಯ ಅಡುಗೆಯವ ಅಂಬಾರಾಯನಿಗೆ ಹೇಳುತ್ತಿದ್ದಾರೆ:

"ಸಾಂಬಾರಿಗೆ ಹುಳಿ ಜಾಸ್ತಿ ಹಾಕು ಮಾರಾಯ. ಗಿರಾಕಿಗಳಿಗೆ ಅದೇ ಇಷ್ಟ."

ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹಿಂದಿ ಅನುವಾದ: "ಸಾಂಬಾರ್ ಮೇ ಕೀಡೇ ಜ್ಯಾದಾ ಡಾಲೋ. ಗ್ರಾಹಕೋಂ ಕೋ ವಹೀ ಪಸಂದ್ ಹೈ."

ಸಾಂಬಾರಿಗೆ ಹುಳ!

ನಾನು ನಕ್ಕುಬಿಟ್ಟೆ. ವಾರಿಜಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೆ ನಾಚಿಕೆಯಾಯಿತು.

"ನಗಬೇಡ ದೇಜಪ್ಪ," ಅಂದರು ಭಟ್ಟರು. "ಇದು ಸಂಜೆ ಆರಕ್ಕೆ ಚಾನೆಲಲ್ಲಿ ಬಂದ್ರೆ ನಾಳೆ ನಮ್ಮ ಹೋಟ್ಲಿಗೆ ನೊಣವೂ ಬರುದಿಲ್ಲ."

ಚಾನೆಲ್ ಎಂದರೆ ಮೊಬೈಲಿನಲ್ಲಿ ಬರುವ ಲೋಕಲ್ ನ್ಯೂಸ್. ಹೆಸರು 'ತಿಖಟ್ ತಾಜಾ'. ಮಾಲೀಕ ಕಲ್ಯಾಣದ ಪೃಥ್ವಿರಾಜ್, ಆಫೀಸು ಸಾನಪಾಡಾದಲ್ಲಿ. ಹಬ್ಬಕ್ಕೆ ಜಾಹೀರಾತು ಕೇಳಿದ್ದ, ಭಟ್ಟರು ಕೊಟ್ಟಿರಲಿಲ್ಲ. ಅದಕ್ಕೇ ಈ ವಿಡಿಯೊ ಕಳಿಸಿ ಹೆದರಿಸಿದ್ದ. ಅವನ ಬಿಸಿನೆಸ್ ಬಹಳ ಸರಳ. ಜಾಹೀರಾತು ಕೊಟ್ಟವನು ಗಿರಾಕಿ, ಕೊಡದವನು ಸುದ್ದಿ!

ನಾನು ತಲೆ ಓಡಿಸಿದೆ. ಈ ಅನುವಾದ ಯಾರದ್ದು? ಮರಾಠಿಯವನಿಗೆ ಹುಳವೂ ಗೊತ್ತಿಲ್ಲ, ಹುಳಿಯೂ ಗೊತ್ತಿಲ್ಲ. ಊರಿನಿಂದ ಬಂದವರು ಇಂಥ ತಪ್ಪು ಮಾಡುವುದಿಲ್ಲ. ಇದು ನಮ್ಮದೇ ಕೂಸು... ಇಲ್ಲೇ ಹುಟ್ಟಿದ್ದು. ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ಅರ್ಧಂಬರ್ಧ.

ಆ ಕೂಸನ್ನು ಹಿಡಿದರೆ ವಿಡಿಯೊ ನಿಲ್ಲಿಸಬಹುದು.

ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಸಾನಪಾಡಾದಲ್ಲಿ ಇಳಿಯುವಾಗ ಸಂಜೆ ಐದು ದಾಟಿತ್ತು. ಎಸಿ ರಿಪೇರಿಯವನು ಎಂದು ಹೇಳಿ ಚಾನೆಲ್ ಆಫೀಸಿಗೆ ನುಗ್ಗಿದೆ.

ಒಳಗೆ ಹೋದವನು ಬಾಯಿ ಬಿಟ್ಟು ನಿಂತೆ.

ಒಂದೇ ಹಾಲ್. ನಾಲ್ಕು ಗೋಡೆಗೆ ನಾಲ್ಕು ಬಣ್ಣ... ನಾಲ್ಕು ಚಾನೆಲ್! ಕೆಂಪು ಗೋಡೆ 'ತಿಖಟ್ ತಾಜಾ'. ಅದನ್ನು ದಿನಾ ಜಾಲಾಡುವ 'ದೂಧ್ ಕಾ ದೂಧ್' ನೀಲಿ ಗೋಡೆ. ಪರದೆಯ ಮೇಲೆ ಕಚ್ಚಾಡುವ ಆ್ಯಂಕರುಗಳಿಬ್ಬರು ಇಲ್ಲಿ ಒಂದೇ ಡಬ್ಬಿಯಿಂದ ಅವಲಕ್ಕಿ ಪೋಹೆ ತಿನ್ನುತ್ತಿದ್ದರು. ಖಾರಘರದಿಂದ ಉಲ್ಹಾಸನಗರದವರೆಗೆ ಜನ ಎರಡು ಪಾರ್ಟಿಯಾಗಿ ಜಗಳ ಆಡುತ್ತಾರೆ. ಎರಡೂ ಕಡೆಯ ಗಲ್ಲಾ ಪೃಥ್ವಿರಾಜನದು.

ನೀಲಿ ಗೋಡೆಯ ಆ್ಯಂಕರ್ ಕೊರಳಿನ ಕಾರ್ಡ್ ಓದಿದೆ. ನಿಕಿತಾ ಪೂಜಾರಿ. ನಮ್ಮ ತುಳುವರ ಹೆಸರು. ಸಿಕ್ಕಿತು ಕೂಸು!

ಮೆಲ್ಲಗೆ ವಿಚಾರಿಸಿದೆ. ಕನ್ನಡ ಬರುವುದು ಆಫೀಸಿನಲ್ಲಿ ಅವಳೊಬ್ಬಳಿಗೇ ಅಂತೆ. ಅನುವಾದ ಮಾಡಿದ್ದೂ ಅವಳೇ.

"ಹುಳಿ ಮತ್ಲಬ್ ಕೀಡಾ ಹೀ ನಾ, ಅಂಕಲ್?" ಹುಳಿ ಎಂದರೆ ಹುಳವೇ ಅಲ್ಲವೇ ಎಂದು ಕೇಳಿದಳು.

"ಪುಳಿ ಮಗಾ," ಎಂದೆ ತುಳುವಿನಲ್ಲಿ. "ಪುರಿ ಅತ್ತ್."

ತುಳುವಿನಲ್ಲಿ ಪುಳಿ ಎಂದರೆ ಹುಳಿ, ಪುರಿ ಎಂದರೆ ಹುಳ, ಅತ್ತ್ ಎಂದರೆ ಅಲ್ಲ. ಹುಡುಗಿಯ ಕೈಯ ಚಮಚ ಬಾಯಿಯ ಹತ್ತಿರವೇ ನಿಂತಿತು. ಅವಳ ಮುಖ ನೋಡಿ ನನಗೇ ಅಯ್ಯೋ ಅನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ನಿಜವಾದ ಎಸಿ ಮೆಕ್ಯಾನಿಕ್ ಬಂದಿದ್ದ!

ಓಡಿದೆ. ಕೆಳಗಿನ ಮೆಟ್ಟಿಲಲ್ಲಿ ಆ ದಡೂತಿಗಳು. ಮೇಲಕ್ಕೆ ಹಾರಿದೆ. ಹಿಂದೆ ಅವರ ಬೂಟಿನ ಸದ್ದು... ಮೇಲಕ್ಕೆ ಓಡಿದವನಿಗೆ ಕೊನೆಗೆ ಸಿಗುವುದು ಟೆರೇಸೇ ತಾನೆ? ಹಾಗೆ ಬೆಲ್ಟಿನ ಮೇಲೆ ಬದುಕುವ ಸ್ಥಿತಿ ಬಂತು.

ಪೃಥ್ವಿರಾಜ್ ಅರ್ಧ ಗ್ಲಾಸಿನ ಕಟಿಂಗ್ ಚಹಾ ಹಿಡಿದು ನಿಧಾನಕ್ಕೆ ಬಂದ. ತಲೆಕೆಳಗಾಗಿಯೇ ಅವನಿಗೆ ವ್ಯಾಕರಣ ಪಾಠ ಮಾಡಿದೆ. ಅವನು ನಗಲೂ ಇಲ್ಲ. ಪ್ರೋಮೊ ಹೋಗಿ ಆಗಿದೆ, ಹುಳವೋ ಹುಳಿಯೋ ತನಗೇನು ಅಂದ. ಭಟ್ಟರು ಜಾಹೀರಾತು ಕೊಟ್ಟರೆ ಮಾತ್ರ ನಿಲ್ಲಿಸುತ್ತಾನಂತೆ.

ಕೊಡುವುದಿಲ್ಲ ಎಂದೆ. ನೇತಾಡುವವನಿಗೆ ಅಷ್ಟು ಸೊಕ್ಕು ಬೇಡವಾಗಿತ್ತು. ಬೆಲ್ಟು ಒಂದು ತೂತು ಜಾರಿತು!

ಆರು ಗಂಟೆ. ಅವನ ಮೊಬೈಲಿನಲ್ಲಿ ಡಂಕಣಕ ಮ್ಯೂಸಿಕ್. ಕೆಂಪು ಗೋಡೆಯಿಂದ ವಿಡಿಯೊ ಪ್ರಸಾರವಾಯಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡ ವಾರಿಜಕ್ಕ ನೆನಪಾದರು.

ಆಗ ಅವನ ಇನ್ನೊಂದು ಮೊಬೈಲ್ ಮಾತಾಡಿತು.

ನೀಲಿ ಗೋಡೆ ಲೈವ್! ಯಾರನ್ನೂ ಕೇಳದೆ ನಿಕಿತಾ ಕುರ್ಚಿ ಎಳೆದುಕೊಂಡು ಕೂತಿದ್ದಳು. ಕೈಯಲ್ಲಿ ಕೆಳಗಿನ ಭೇಲ್‌ವಾಲಾನಿಂದ ತಂದ ಹುಣಸೆಹಣ್ಣು.

"ಯೇ ಹುಳಿ ಹೈ. ಇಮ್ಲೀ. ಉಸ್ ವಿಡಿಯೊ ಕಾ ಅನುವಾದ್ ಗಲತ್ ಹೈ. ಗಲ್ತೀ ಮೇರೀ ಥೀ." ಹುಳಿ ಎಂದರೆ ಹುಣಸೆ, ಅನುವಾದದ ತಪ್ಪು ತನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡಳು.

ಪೃಥ್ವಿರಾಜನ ಮುಖ ಕೆಂಪೇರಿತು. ಲೈವ್ ನಿಲ್ಲಿಸಲು ಬೆರಳೆತ್ತಿದ... ಬೆರಳು ಅಲ್ಲೇ ನಿಂತಿತು. ನೋಡುವವರು ಏರುತ್ತಿದ್ದರು. ಕೆಂಪಿನವರು ನೀಲಿಗೆ ಬೈಯಲು ಬರುತ್ತಿದ್ದರು, ನೀಲಿಯವರು ಕೆಂಪಿಗೆ. ಎರಡರಲ್ಲೂ ನಡುನಡುವೆ ಅದೇ ಹೊಟ್ಟೆನೋವಿನ ಔಷಧದ ಜಾಹೀರಾತು.

"ಊಪರ್ ಲೇ ಲೋ ಇಸ್‌ಕೋ," ಅಂದ. ದಡೂತಿಗಳು ನನ್ನನ್ನು ಮೇಲಕ್ಕೆ ಎಳೆದುಕೊಂಡರು.

ಮರುದಿನ ಭಟ್ಟರ ಹೋಟೆಲಿನ ಮುಂದೆ ರಸ್ತೆಯವರೆಗೆ ಸಾಲು. ಜನ ಕೇಳಿ ಕೇಳಿ ಸಾಂಬಾರ್ ಹಾಕಿಸಿಕೊಂಡರು. ನಿಕಿತಾಳ ನೌಕರಿಯೂ ಉಳಿಯಿತು. ವಾರಿಜಕ್ಕ ನಗುತ್ತಿದ್ದರು, ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಭಟ್ಟರು ನನ್ನ ಕಿವಿಯ ಹತ್ತಿರ ಬಂದರು.

"ಸತ್ಯ ಹೇಳಿದ ಚಾನೆಲ್ ಅಲ್ವಾ ಮಾರಾಯ? ಆ ನೀಲಿಯವರಿಗೆ ಇಡೀ ವರ್ಷದ ಜಾಹೀರಾತು ಕೊಟ್ಟೆ."

ಎರಡೂ ಒಬ್ಬನದೇ ಎಂದು ಹೇಳಲು ಬಾಯಿ ತೆರೆದೆ. ವಾರಿಜಕ್ಕನ ಕಡೆ ನೋಡಿ ಮುಚ್ಚಿದೆ.

ಟೆರೇಸಿನಿಂದ ನನ್ನನ್ನು ನೇತುಹಾಕಿದ ಪೃಥ್ವಿರಾಜ್ ಈಗ ಸಿಕ್ಕವರಿಗೆಲ್ಲ ನನ್ನ ಪರಿಚಯ ಮಾಡಿಸುತ್ತಾನೆ... ದೇಜಪ್ಪ, ತನ್ನ ಮಾರ್ಕೆಟಿಂಗ್ ಮ್ಯಾನೇಜರ್ ಅಂತ!