ಚೌಕಾಸಿ ಮಾಡದ ಗಿರಾಕಿ

ಬಾಗಿಲು ತೆರೆದವನು ಸುಧನ್ವ. ಹೊರಗೆ ನಿಂತವನನ್ನು ಕಂಡ ಕೂಡಲೇ ಮತ್ತೆ ಮುಚ್ಚಿಬಿಡೋಣ ಅನ್ನಿಸಿತು. ಆದರೆ ಮನೆ ಅವನದಲ್ಲ, ಯಜ್ಞನಾರಾಯಣರದು. ಬಂದವನು ಹುಡುಕಿಕೊಂಡು ಬಂದದ್ದೂ ಅವರನ್ನೇ.

"ಯಜ್ಞಣ್ಣ ಇದ್ದಾರಾ ಸಾರ್?" ಎಂದು ಪ್ರಜ್ವಲ್ ಸುಧನ್ವನ ಮುಖ ನೋಡದೆ ಕೇಳಿದ.

ಎರ್ನಾಕುಳಂನ ಕನ್ನಡಿಗರು ಪೊಲೀಸರ ಬಳಿ ಹೋಗಲು ನಾಚಿಕೆಯಾದಾಗ ಯಜ್ಞನಾರಾಯಣರ ಮೆಟ್ಟಿಲು ಹತ್ತುತ್ತಿದ್ದರು. ಅವರು ಕುಂಬಳೆಯ ಕಡೆಯವರು, ಸರ್ಕಾರಿ ವಕೀಲರಾಗಿದ್ದು ನಿವೃತ್ತರಾದವರು. ಕಾಣೆಯಾದ ಸರ, ಮುಚ್ಚಿಟ್ಟ ಮೊದಲ ಮದುವೆ, ಮುಂಗಡ ನುಂಗಿದ ದಲ್ಲಾಳಿ, ಇಂಥವನ್ನೆಲ್ಲ ಸದ್ದಿಲ್ಲದೆ ಬಗೆಹರಿಸಿದ್ದರು. ಅದೇ ಕಟ್ಟಡದ ಕೆಳಮಹಡಿಯಲ್ಲಿ ಹೆಂಡತಿ ಸುಮಿತ್ರಳೊಂದಿಗೆ ವಾಸವಾಗಿದ್ದ ಸುಧನ್ವ ಪ್ರತಿ ಸಲವೂ ಅವರ ಜೊತೆಗಾರ. ಮೈಸೂರಿನವನು, ಬ್ಯಾಂಕ್ ಅಧಿಕಾರಿ, ಕನ್ನಡ ಸಂಘದ ಖಜಾಂಚಿ. ತನ್ನ ಬುದ್ಧಿಯ ಮೇಲೆ ಅವನಿಗೆ ಇರಬೇಕಾದುದಕ್ಕಿಂತ ಕೊಂಚ ಹೆಚ್ಚೇ ಭರವಸೆ.

ಪ್ರಜ್ವಲ್ ಕುರ್ಚಿಯ ತುದಿಯಲ್ಲಿ ಕುಳಿತ. "ಕಳಕ್ಕೂಟಂನಲ್ಲಿ ನನ್ನ ಗಿಟಾರ್ ಕ್ಲಾಸಿಗೆ ಬರ್ತಿದ್ದ ಮಕ್ಕಳನ್ನು ಅವರ ಅಪ್ಪ ಅಮ್ಮ ಒಬ್ಬೊಬ್ಬರಾಗಿ ಬಿಡಿಸಿದ್ರು ಅಣ್ಣ. ಅಂಗಡಿ ಖಾಲಿ ಮಾಡು ಅಂತ ಓನರ್ ಹೇಳಿದ್ದಾನೆ. ಹರಿಣಾಕ್ಷಿಯಮ್ಮನ ಗಿಟಾರ್ ನಾನು ಕದ್ದದ್ದಲ್ಲ. ಅದನ್ನು ನೀವು ತೋರಿಸಿಕೊಡಬೇಕು. ಇಲ್ಲದಿದ್ರೆ ನನಗೆ ಆ ಊರಲ್ಲಿ ಬದುಕಿಲ್ಲ."

ನಡೆದದ್ದು ಇಷ್ಟು. ಫೋರ್ಟ್ ಕೊಚ್ಚಿಯ ಹರಿಣಾಕ್ಷಿಯಮ್ಮನ ಗಂಡ ವಿಠಲರಾಯರು ಹೋದ ವರ್ಷ ತೀರಿಕೊಂಡಿದ್ದರು. ಅವರ ಗಿಟಾರನ್ನು ಮಾರೋಣವೆಂದು ಆಕೆ, ತಿರುವನಂತಪುರದ ಕಳಕ್ಕೂಟಂನಲ್ಲಿ ಹಳೆಯ ಗಿಟಾರುಗಳ ವ್ಯಾಪಾರ ಮಾಡುವ ಪ್ರಜ್ವಲ್‌ನನ್ನು ಕರೆಸಿದ್ದರು. ಅವನು ಹೇಳಿದ ಬೆಲೆ ಕೇಳಿ ಮುಖಕ್ಕೆ ಹೊಡೆದಂತಾಗಿ, ಕೊಡುವುದಿಲ್ಲ ಎಂದುಬಿಟ್ಟರು. ಅಷ್ಟರಲ್ಲಿ ನವರಾತ್ರಿ ಬಂತು. ಸಂಘದಲ್ಲಿ ಕೇರಳದ ಪದ್ಧತಿಯಂತೆ ಅಷ್ಟಮಿಯ ಸಂಜೆ ಪುಸ್ತಕ, ವಾದ್ಯಗಳನ್ನು ಶಾರದೆಯ ಮುಂದಿಟ್ಟರೆ ವಿಜಯದಶಮಿಯ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ವಿಠಲರಾಯರ ಗಿಟಾರೂ ಅಲ್ಲಿತ್ತು. ಭಜನೆಗೆಂದು ಅಷ್ಟಮಿಯ ಸಂಜೆಯೇ ತಿರುವನಂತಪುರದಿಂದ ಬಂದಿಳಿದ ಪ್ರಜ್ವಲ್ ಆ ಸಭಾಂಗಣದಲ್ಲೇ ಉಳಿದುಕೊಂಡಿದ್ದ. ಬೀಗದ ಕೈಯೂ ಅವನ ಬಳಿಯೇ ಇತ್ತು. ದಶಮಿಯ ಬೆಳಿಗ್ಗೆ ಹರಿಣಾಕ್ಷಿಯಮ್ಮನ ಮಗಳು ವಿಜೇತಾ ಪೆಟ್ಟಿಗೆ ತೆರೆದು, ಒಂದೆರಡು ಸಲ ಮೀಟಿ, "ಇದು ಅಚ್ಛನ ಗಿಟಾರ್ ಅಲ್ಲ" ಎಂದಳು. ಅಪ್ಪನನ್ನು ಅವಳು ಮಲಯಾಳಿಗಳಂತೆ ಅಚ್ಛ ಎನ್ನುತ್ತಿದ್ದಳು. ಕಂಪನಿ ಅದೇ, ಬಣ್ಣ ಅದೇ, ಗಿಟಾರ್ ಮಾತ್ರ ಬೇರೆ.

ಅಂಥ ಗಿಟಾರುಗಳು ರಾಶಿ ಬಿದ್ದಿರುವುದು ಯಾರ ಅಂಗಡಿಯಲ್ಲಿ ಎಂದು ಮೊದಲು ತರ್ಕಿಸಿದವನು ಸುಧನ್ವ. ತರ್ಕಿಸಿ ಸುಮ್ಮನಿರಲಿಲ್ಲ. 'ಪೂಜೆಗಿಟ್ಟ ವಸ್ತುವನ್ನೂ ಬಿಡದವರನ್ನು ಸಂಘದಿಂದ ದೂರವಿಡುವುದು ಒಳ್ಳೆಯದು, ಹೆಸರು ಹೇಳಬೇಕಾಗಿಲ್ಲ' ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದು, ಕೆಳಗೆ ಕೈಮುಗಿದ ಚಿತ್ರಗಳ ಸಾಲನ್ನೇ ಹಾಕಿದ್ದ. ಆ ಸಂದೇಶ ಯಾರ್ಯಾರದೋ ಫೋನಿನಿಂದ ದಾಟಿ ಕಳಕ್ಕೂಟಂ ತಲುಪಿತ್ತು. ಈಗ ಎದುರಿಗೆ ಕುಳಿತವನನ್ನು ನೋಡುವಾಗ ಸುಧನ್ವನಿಗೆ ಸಂಕೋಚವಾಯಿತು. ಆದರೂ ತಾನು ಬರೆದದ್ದು ಸುಳ್ಳು ಅನ್ನಿಸಲಿಲ್ಲ.

"ಎಷ್ಟು ಹೇಳಿದ್ದೆ ಬೆಲೆ?" ಯಜ್ಞನಾರಾಯಣರು ಕೇಳಿದರು.

"ಒಂಬತ್ತು ಸಾವಿರ ಅಣ್ಣ. ಲಾಕ್‌ಡೌನಲ್ಲಿ ಎಲ್ಲರೂ ಗಿಟಾರ್ ತಗೊಂಡ್ರು. ಸ್ವಲ್ಪ ದಿನ ಯೂಟ್ಯೂಬ್ ನೋಡಿ ಕಲಿತ್ರು, ಬೆರಳು ನೋಯ್ಲಿಕ್ಕೆ ಶುರುವಾಯ್ತು, ಮಂಚದ ಅಡಿಗೆ ಹಾಕಿದ್ರು. ಈಗ ಎಲ್ಲರಿಗೂ ಮಾರಬೇಕು, ತಗೊಳ್ಳುವವರು ಯಾರೂ ಇಲ್ಲ. ಆಗ ಮೂವತ್ತಕ್ಕೆ ಹೋಗ್ತಿದ್ದದ್ದು ಈಗ ಒಂಬತ್ತಕ್ಕೆ ಹೋದ್ರೆ ಪುಣ್ಯ."

"ಬದಲಿಗೆ ಇಟ್ಟ ಗಿಟಾರಿನ ಬೆಲೆ?"

"ಅದೂ ಅಷ್ಟೇ. ಅದೇ ಮಾಡೆಲ್ ಅಲ್ವಾ."

"ಹಾಗಾದ್ರೆ ಕಳ್ಳನಿಗೆ ಸಿಕ್ಕಿದ್ದು ಎಂತ ಮಾರಾಯ?"

ಹರಿಣಾಕ್ಷಿಯಮ್ಮನಿಗೆ ಫೋನ್ ಮಾಡಲು ಯಜ್ಞನಾರಾಯಣರು ಸುಧನ್ವನಿಗೆ ಹೇಳಿದರು.

ಅಂದೇ ಮಧ್ಯಾಹ್ನ ಸುಧನ್ವನ ಕಾರಿನಲ್ಲಿ ಅವನೂ ಯಜ್ಞನಾರಾಯಣರೂ ಫೋರ್ಟ್ ಕೊಚ್ಚಿಗೆ ಹೋದರು. ಹರಿಣಾಕ್ಷಿಯಮ್ಮ ಪೆಟ್ಟಿಗೆ ತಂದು ಮಂಚದ ಮೇಲಿಟ್ಟರು. ವಿಜೇತಾ ಗಿಟಾರನ್ನು ಎತ್ತಿ ಅದರ ಕತ್ತು ತೋರಿಸಿದಳು.

"ಅಚ್ಛನಿಗೆ ಬರ್ತಿದ್ದದ್ದು ಮೂರೇ ಕಾರ್ಡ್ ಅಂಕಲ್, ಬೆರಳು ಇಡುವ ರೀತಿ ಮೂರೇ. ಲೈಫ್ ಪೂರ್ತಿ ಅದನ್ನೇ ನುಡಿಸಿದ್ದು. ಇಲ್ಲಿ, ಈ ಪಟ್ಟಿಗಳಲ್ಲಿ ತಂತಿ ಒತ್ತಿ ಒತ್ತಿ ಕುಳಿ ಬಿದ್ದಿತ್ತು. ಇದು ನೋಡಿ, ಯಾರೂ ನುಡಿಸಿದ್ದೇ ಇಲ್ಲ."

ಯಜ್ಞನಾರಾಯಣರು ಗಿಟಾರಿನ ತಲೆಯ ಕಡೆ ನೋಡುತ್ತಿದ್ದರು. ತಂತಿ ಬಿಗಿಯುವ ಕಿವಿಗಳ ನಡುವೆ ಅರಿಶಿನ ಸವರಿ, ಮೇಲೆ ಪುಟ್ಟದೊಂದು ಕುಂಕುಮದ ಬೊಟ್ಟು ಇಟ್ಟಿತ್ತು.

"ಇದು ನೀವು ಇಟ್ಟದ್ದಾ?"

"ನಾನಲ್ಲ. ಭಟ್ರು ಇಟ್ಟಿರಬೇಕು," ಎಂದರು ಹರಿಣಾಕ್ಷಿಯಮ್ಮ.

"ಭಟ್ರು ಪೆಟ್ಟಿಗೆ ತೆರೆದಿದ್ದರಾ?"

"ಇಲ್ಲ, ಉಪ್ಪುಗಾಳಿ ಬೇಡ ಅಂತ ಮುಚ್ಚಿಯೇ ಇಟ್ಟದ್ದು. ಅವರು ಹೊರಗಿನ ಕೊಂಡಿಗೆ ದಪ್ಪ ಗಂಧ ಮೆತ್ತಿದ್ರು, ಅಷ್ಟೇ. ದಶಮಿ ಬೆಳಿಗ್ಗೆ ಅದು ಒಣಗಿ ಕೊಂಡಿಯೇ ಏಳ್ತಿರ್ಲಿಲ್ಲ. ನಾನೇ ಉಗುರಲ್ಲಿ ಕೆರೆದು ತೆಗೆದೆ."

ಸುಧನ್ವನಿಗೆ ಆ ಬೊಟ್ಟಿನಲ್ಲಿ ವಿಶೇಷವೇನೂ ಕಾಣಲಿಲ್ಲ. ಅವನ ಮನೆಯಲ್ಲಿ ಫ್ರಿಜ್ಜಿಗೆ, ಮಿಕ್ಸಿಗೆ, ಕೊನೆಗೆ ವೈಫೈ ಡಬ್ಬಿಗೂ ಅರಿಶಿನ ಕುಂಕುಮವಾಗಿತ್ತು. ಯಜ್ಞನಾರಾಯಣರು ಪೆಟ್ಟಿಗೆಯ ಮಖಮಲ್ಲಿನ ಮೂಲೆಗೆ ಬೆರಳು ತೂರಿಸಿ ಒಂದು ಸಣ್ಣ ಬಿಳಿಯ ಗೂಟವನ್ನು ಹೊರತೆಗೆದರು. ತಂತಿಯ ಬುಡವನ್ನು ಗಿಟಾರಿಗೆ ಸಿಕ್ಕಿಸಿ ಹಿಡಿಯುವ ಗೂಟ ಅದು. ಆದರೆ ಈ ಗಿಟಾರಿನ ಆರು ತಂತಿಗೂ ಆರು ಗೂಟ ಸರಿಯಾಗಿಯೇ ಇದ್ದವು.

"ಪೆಟ್ಟಿಗೆ ಹಳೆಯದೇ ಅಲ್ವಾ?"

"ಇವರದ್ದೇ," ಎಂದ ಹರಿಣಾಕ್ಷಿಯಮ್ಮ ದನಿ ತಗ್ಗಿಸಿದರು. "ಮಾರ್ತೇನೆ ಅಂತ ಹೊರಟದ್ದೇ ನನ್ನ ತಪ್ಪು. ಒಂಬತ್ತು ಸಾವಿರ ಅಂದಾಗ ಇವರಿಗೇ ಬೆಲೆ ಕಟ್ಟಿಸಿದ ಹಾಗೆ ನಾಚಿಕೆ ಆಯ್ತು. ಪೂಜೆಗಾದರೂ ಇಡುವ ಅಂತ, ಚಂದಾ ಎತ್ಲಿಕ್ಕೆ ಬಂದ ಸುಧನ್ವರ ಕೈಲಿ ಕೊಟ್ಟೆ."

"ಹೌದು ಸಾರ್, ನಾನೇ ಡಿಕ್ಕೀಲಿ ಇಟ್ಕೊಂಡು ಬಂದೆ," ಎಂದ ಸುಧನ್ವ. "ಅವತ್ತೇ ಕೋಟ್ಟಯಂ ಬ್ರಾಂಚಲ್ಲಿ ಇನ್‌ಸ್ಪೆಕ್ಷನ್ ಇತ್ತು. ವೈಟ್ಟಿಲ ಬಸ್ ಸ್ಟ್ಯಾಂಡಲ್ಲಿ ಕಾರ್ ನಿಲ್ಸಿ ಬಸ್ ಹತ್ತಿದೆ. ಮಾರನೇ ದಿನ ಸಾಯಂಕಾಲ ವಾಪಸ್ ಬಂದ್ಮೇಲೆ ಸುಮಿತ್ರ ತೆಗೆದು ಒಳಗಿಟ್ಟಳು. ಅಷ್ಟಮಿ ದಿನ ಸಂಘಕ್ಕೆ ತಲುಪಿಸಿದ್ದೂ ಅವಳೇ. ನಮ್ಮ ಕಡೆಯಿಂದ ಒಂಚೂರೂ ಲೋಪ ಆಗಿಲ್ಲ."

ಯಜ್ಞನಾರಾಯಣರು ಅವನನ್ನು ಒಂದು ಗಳಿಗೆ ನೋಡಿ, ಗೂಟವನ್ನು ಜೇಬಿಗೆ ಹಾಕಿಕೊಂಡರು.

ಮರುದಿನ ಅವರಿಬ್ಬರೂ ತಿರುವನಂತಪುರದ ರೈಲು ಹತ್ತಿದರು. ಸುಮಿತ್ರ ಕೂಡ ಹಬ್ಬದ ಮುಂಚೆ ಆಫೀಸಿನ ಮೀಟಿಂಗಿಗೆಂದು ಇದೇ ರೈಲಿನಲ್ಲಿ ಹೋಗಿದ್ದಳೆಂದು ಸುಧನ್ವ ದಾರಿಯಲ್ಲಿ ಮಾತಿಗೆ ಮಾತು ಬಂದು ಹೇಳಿದ. ಯಜ್ಞನಾರಾಯಣರು ಕಿಟಕಿಯ ಹೊರಗೆ ನೋಡುತ್ತ "ಹೂಂ" ಎಂದರು.

ಕಳಕ್ಕೂಟಂನ ಆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯಲ್ಲಿ ಗಿಟಾರ್, ನೆಲದಲ್ಲಿ ಗಿಟಾರ್, ಮೇಜಿನ ಕೆಳಗೂ ಗಿಟಾರ್. ಅಲ್ಲಿನ ಐಟಿ ಕಂಪನಿಗಳ ಟೆಕ್ಕಿಗಳು ಊರು ಬಿಡುವಾಗ ಮಾರಿಕೊಡು ಎಂದು ಇಟ್ಟುಹೋದವು. ಕ್ಲಾಸಿನ ಕೋಣೆಯಲ್ಲಿ ಪುಟ್ಟ ಪುಟ್ಟ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿಟ್ಟಿತ್ತು. ಸುಧನ್ವ ಅವನ್ನು ಒಂದೊಂದಾಗಿ ಎಣಿಸಿದ. ಕಳ್ಳತನ ಮಾಡುವಾಗ ಯೋಚಿಸಬೇಕಿತ್ತು ಎಂದು ತನಗೆ ತಾನೇ ಹೇಳಿಕೊಂಡ.

"ನವರಾತ್ರಿಯ ಮುಂಚೆ ಆ ಮಾಡೆಲ್ ಯಾರಾದ್ರೂ ಮಾರಿದ್ದು ಗೊತ್ತುಂಟಾ?" ಯಜ್ಞನಾರಾಯಣರು ಕೇಳಿದರು.

"ಪಕ್ಕದ ಹಾಸ್ಟೆಲಿನ ಒಬ್ಬ ಮಾರಿದ. ನಾವೆಲ್ಲ ಆಶ್ಚರ್ಯಪಟ್ಟಿದ್ದೆವು," ಎಂದು ಪ್ರಜ್ವಲ್ ಅವನನ್ನು ಕರೆಸಿದ.

ಬಂದ ಮಲಯಾಳಿ ಯುವಕ ನಗುತ್ತಲೇ ಹೇಳಿದ. ಆನ್‌ಲೈನಿನಲ್ಲಿ ಹಾಕಿ ತಿಂಗಳುಗಟ್ಟಲೆ ಯಾರೂ ಕೇಳಿರಲಿಲ್ಲ. ಆಮೇಲೆ ಕೊಚ್ಚಿಯಿಂದ ಒಬ್ಬರು ಚೇಚಿ, ಅಕ್ಕನ ವಯಸ್ಸಿನವರು, ಬಂದರು, ಕುತ್ತಿಗೆಯಲ್ಲಿ ಯಾವುದೋ ಆಫೀಸಿನ ಗುರುತಿನ ಚೀಟಿ. ಇಳಿಸುತ್ತಾರೆಂದೇ ಅವನು ಹದಿನೈದು ಸಾವಿರ ಹೇಳಿದ್ದ. ಒಂದು ಮಾತೂ ಆಡದೆ ಕೊಟ್ಟುಬಿಟ್ಟರು. ನುಡಿಸಿ ನೋಡಲೂ ಇಲ್ಲ. ಫೋನಿನಲ್ಲಿದ್ದ ಒಂದು ಚಿತ್ರ ಪಕ್ಕಕ್ಕೆ ಹಿಡಿದು ಬಣ್ಣ ಸರಿಹೋಗುತ್ತದೆಯೇ ಎಂದಷ್ಟೇ ನೋಡಿದರು.

ಸುಧನ್ವನ ಮನಸ್ಸಿನ ಯಾವುದೋ ಮೂಲೆಯಲ್ಲಿ ಏನೋ ಚುಚ್ಚಿತು. ಅವನು ಆ ಕಡೆ ನೋಡಲು ಹೋಗಲಿಲ್ಲ.

ವಾಪಸು ಬರುವಾಗ ಯಜ್ಞನಾರಾಯಣರು ಹೇಳಿದರು: "ಭಾನುವಾರ ಸಂಘದಲ್ಲಿ ಎಲ್ಲರನ್ನೂ ಸೇರಿಸುವ. ಅದಕ್ಕೆ ಮುಂಚೆ ನೀವು ಮನೆಯಲ್ಲಿ ಸುಮಿತ್ರರ ಹತ್ರ ಕೂತು ಸ್ವಲ್ಪ ಮಾತಾಡಿ ಮಾರಾಯ್ರೆ."

"ಅವಳ ಹತ್ರ ಏನ್ ಸಾರ್ ಮಾತಾಡೋದು? ಕದ್ದವನ ಮುಖ ನೋಡೋಕೆ ಅವಳನ್ನೂ ಕರ್ಕೊಂಡೇ ಬರ್ತೀನಿ."

ಯಜ್ಞನಾರಾಯಣರು ಮತ್ತೆ ಒತ್ತಾಯಿಸಲಿಲ್ಲ.

ಭಾನುವಾರ ಸಭಾಂಗಣದಲ್ಲಿ ಸಂಘದವರೆಲ್ಲ ಕುಳಿತಿದ್ದರು. ಹರಿಣಾಕ್ಷಿಯಮ್ಮ, ವಿಜೇತಾ ಮುಂದೆ. ಪ್ರಜ್ವಲ್‌ನ ಎರಡೂ ಬದಿಯ ಕುರ್ಚಿಗಳಲ್ಲಿ ಯಾರೂ ಕುಳಿತಿರಲಿಲ್ಲ. ಸುಧನ್ವ ಖಜಾಂಚಿಯ ಮೇಜಿನ ಹಿಂದಿದ್ದ, ಪಕ್ಕದಲ್ಲಿ ಸುಮಿತ್ರ.

"ಮೊದಲನೆಯದು ಬೆಲೆ," ಎಂದು ಯಜ್ಞನಾರಾಯಣರು ಶುರುಮಾಡಿದರು. "ಒಂಬತ್ತು ಸಾವಿರದ ಗಿಟಾರ್ ತೆಗೆದು ಒಂಬತ್ತು ಸಾವಿರದ ಗಿಟಾರ್ ಇಟ್ಟರೆ ಕಳ್ಳನಿಗೆ ಲಾಭ ಇಲ್ಲ. ಮಾರ್ಲಿಕ್ಕೆ ಹೋದ್ರೆ ತಗೊಳ್ಳುವವರೂ ಇಲ್ಲ. ಪ್ರಜ್ವಲ್‌ಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತುಂಟು. ಅಂದ ಮೇಲೆ ಇದು ಆಸೆಗೆ ಮಾಡಿದ ಕೆಲಸ ಅಲ್ಲ. ಮೊದಲಿನ ಗಿಟಾರ್ ಹಾಳಾಗಿತ್ತು, ಅದನ್ನು ಮುಚ್ಚಲಿಕ್ಕೆ ಇನ್ನೊಂದು ಬಂತು. ಬೆಲೆ ಬಿದ್ದದ್ದರಿಂದ ಅದು ಸುಲಭಕ್ಕೆ ಸಿಕ್ಕಿತು."

ಅವರು ಬಿಳಿಯ ಗೂಟವನ್ನು ಮೇಜಿನ ಮೇಲಿಟ್ಟರು.

"ಎರಡನೆಯದು ಇದು, ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಪ್ರಜ್ವಲ್, ಇದು ತಾನಾಗಿ ಕಳಚುವುದು ಯಾವಾಗ?"

"ತಂತಿ ಕಟ್ಟಿದ ಮರದ ಪಟ್ಟಿ ಮೇಲೆ ಎದ್ದು ಬಂದಾಗ ಅಣ್ಣ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಇಟ್ರೆ ಅಂಟು ಬಿಡ್ತದೆ, ತಂತಿ ಅದನ್ನು ಕಿತ್ತು ತರ್ತದೆ."

ವೈಟ್ಟಿಲದ ಬಯಲಿನಲ್ಲಿ ನಿಲ್ಲಿಸಿದ ಕಾರು ಸುಧನ್ವನ ಕಣ್ಣೆದುರು ಬಂತು.

"ಮೂರನೆಯದು ಗಂಧ. ಅಷ್ಟಮಿಯಂದು ಕೊಂಡಿಗೆ ಮೆತ್ತಿದ್ದು ದಶಮಿಯಂದು ಒಡೆಯದೆ ಇತ್ತು. ಪೆಟ್ಟಿಗೆಯನ್ನು ಇಲ್ಲಿ ಯಾರೂ ತೆರೆಯಲಿಲ್ಲ. ಅಂದ್ರೆ ಗಿಟಾರ್ ಬದಲಾದದ್ದು ಪೂಜೆಗೆ ಮುಂಚೆ. ಪ್ರಜ್ವಲ್ ಊರಿಗೆ ಬಂದದ್ದೇ ಅಷ್ಟಮಿಯ ಸಂಜೆ. ಕೊನೆಯದು ಕುಂಕುಮ. ಭಟ್ರು ಇಟ್ಟದ್ದಲ್ಲ, ಹರಿಣಾಕ್ಷಿಯಮ್ಮ ಇಟ್ಟದ್ದಲ್ಲ. ಕದಿಯುವವನು ಇಡುವುದಿಲ್ಲ, ವ್ಯಾಪಾರದವನಿಗೆ ಪುರುಸೊತ್ತಿಲ್ಲ. ಹೊಸ ಸಾಮಾನು ಹೊಸ್ತಿಲು ದಾಟಿದ ಕೂಡಲೇ ಅರಿಶಿನ ಕುಂಕುಮ ಇಡುವ ಒಂದು ಕೈ, ಯೋಚನೆ ಇಲ್ಲದೆ ಇಟ್ಟುಬಿಟ್ಟಿತು. ಮೋಸ ಮಾಡ್ತಾ ಇದ್ದೇನೆ ಅಂತ ಆ ಕೈಗೆ ನೆನಪಿರಲಿಲ್ಲ. ಆ ಗಿಟಾರ್ ಕೊಚ್ಚಿಯ ಒಬ್ಬರು ಕಳಕ್ಕೂಟಂನಲ್ಲಿ ಚೌಕಾಸಿ ಮಾಡದೆ ಕೊಂಡದ್ದು. ಹೆಸರು ಹೇಳುವುದು ನನಗೆ ಇಷ್ಟ ಇಲ್ಲ."

ಸುಮಿತ್ರ ಎದ್ದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು.

"ನಾನೇ. ಡಿಕ್ಕಿ ತೆಗೆದಾಗ ಅದು ಕಿತ್ತುಬಂದು ಹಲಗೆ ಸೀಳಿತ್ತು. ಗಂಡ ಹೋದ ಮನೆಯ ವಸ್ತು. ಇವರ ಮರೆವಿನಿಂದ ಹೀಗಾಯ್ತು ಅಂತ ಹರಿಣಾಕ್ಷಿಯಮ್ಮನಿಗೆ ಹೇಳೋಕೆ ಬಾಯಿ ಬರ್ಲಿಲ್ಲ. ಇವರಿಗೂ ಹೇಳ್ಲಿಲ್ಲ, ನೊಂದ್ಕೋತಾರೆ ಅಂತ. ಅದೇ ಥರದ್ದು ತಂದಿಟ್ರೆ ಯಾರಿಗೂ ನೋವಾಗಲ್ಲ ಅನ್ಕೊಂಡೆ." ಅವಳು ಗಂಡನ ಕಡೆ ತಿರುಗಿದಳು. "ದಶಮಿ ದಿನವೇ ಹೇಳ್ಬೇಕಿತ್ತು. ಅಷ್ಟರಲ್ಲಿ ನೀವು ಗ್ರೂಪಲ್ಲಿ ಹಾಕ್ಬಿಟ್ರಿ. ಆಮೇಲೆ ಹೇಳಿದ್ರೆ ನಿಮ್ಮ ಮಾನ ಹೋಗ್ತಿತ್ತು. ಈ ಹುಡುಗನ ಮಾನ ಹೋಗೋದನ್ನ ನೋಡ್ಕೊಂಡು ಸುಮ್ನಿದ್ದೆ. ಅದಕ್ಕಿಂತ ಹೇಸಿಗೆ ಇನ್ನೇನಿದೆ."

ಸಭೆಯ ಕಣ್ಣೆಲ್ಲ ಸುಧನ್ವನ ಮೇಲಿತ್ತು. ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ಕಾರನ್ನು ಬಿಸಿಲಲ್ಲಿ ಬಿಟ್ಟವನು ಅವನು, ಇನ್ನೊಬ್ಬನನ್ನು ಕಳ್ಳನೆಂದವನು ಅವನು, ಹೆಂಡತಿಯ ಬಾಯಿ ಕಟ್ಟಿದವನೂ ಅವನೇ. ಸುಮಿತ್ರಳ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದ, ಬರಲಿಲ್ಲ.

"ಒಡೆದದ್ದು ಎಲ್ಲಿದೆ ಆಂಟಿ?" ಎಂದು ವಿಜೇತಾ ಕೇಳಿದಳು.

"ನಮ್ಮನೆ ಅಟ್ಟದ ಮೇಲೆ."

"ಅದನ್ನೇ ಕೊಟ್ಟಿದ್ರೆ ಸಾಕಿತ್ತು. ಅದು ಅಚ್ಛನದು."

ಹರಿಣಾಕ್ಷಿಯಮ್ಮ ಪ್ರಜ್ವಲ್‌ನ ಬಳಿ ಹೋಗಿ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವನ ಕೈ ಹಿಡಿದುಕೊಂಡು ಅತ್ತರು. ಸುಧನ್ವ ಅಲ್ಲೇ ಫೋನ್ ತೆಗೆದು ಬರೆದ. ಈ ಸಲ ಹೆಸರುಗಳನ್ನೆಲ್ಲ ಬರೆದ, ಮೊದಲು ತನ್ನದು. ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಕಳಕ್ಕೂಟಂನ ಮಕ್ಕಳ ಅಪ್ಪಂದಿರಿಗೆ ಇದು ಅಷ್ಟೇ ಬೇಗ ತಲುಪುತ್ತದೆಯೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಜನ ಏಳತೊಡಗಿದಾಗ ಅವನು ಪ್ರಜ್ವಲ್‌ನ ಎದುರು ಹೋಗಿ ನಿಂತ.

"ತಪ್ಪಾಯ್ತಪ್ಪ. ಏನು ಹೇಳೋದೋ ಗೊತ್ತಾಗ್ತಿಲ್ಲ. ನಿನ್ನ ಅಂಗಡೀಲಿರೋದ್ರಲ್ಲಿ ಒಳ್ಳೇದು ನೋಡಿ ಒಂದು ಗಿಟಾರ್ ನನಗೆ ಕೊಡು. ಎರಡು ಬೇಕಾದ್ರೂ ತಗೋತೀನಿ."

ಪ್ರಜ್ವಲ್ ಮೊದಲ ಸಲ ಅವನ ಕಣ್ಣನ್ನೇ ನೋಡಿದ.

"ಈ ತಿಂಗಳು ಒಂದೂ ಹೋಗಲಿಲ್ಲ ಸಾರ್. ಬಾಡಿಗೆಗೂ ಕಷ್ಟ ಉಂಟು. ಆದ್ರೆ ನಿಮಗೆ ಕೊಡುವುದಿಲ್ಲ. ಕೊಟ್ಟರೆ ನಿಮಗೆ ಹಗುರ ಆಗ್ತದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಒಡೆದ ಗಿಟಾರನ್ನು ಯಾವಾಗ ಬಂದು ತೆಗೆದುಕೊಂಡು ಹೋಗಲಿ, ರಿಪೇರಿ ಮಾಡಬಹುದು ಎಂದು ಅವನು ಸುಮಿತ್ರಳನ್ನು ಕೇಳಿದ. ಅವಳು ಈಗಲೇ ಬಾ ಎಂದಳು. ಇಬ್ಬರೂ ಮುಂದೆ ನಡೆದರು. ಸುಧನ್ವ ಕಾರಿನ ಕೀಲಿ ಹಿಡಿದು ಅವರ ಹಿಂದೆ ಹೋದ.