ಒಂದೊಂದೇ ಸಾಲು

ಅವತ್ತು ನನಗೆ ಗುಮಾನಿ ಇದ್ದದ್ದು ಮನುಷ್ಯರ ಮೇಲೆಯೇ. ಗಾಜಿನ ಗೋಡೆಯಾಚೆಯ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಏಕಕಾಲಕ್ಕೆ ಹತ್ತಾರು ಕೆಲಸ ಮಾಡುವ ಪ್ರೋಗ್ರಾಮನ್ನು ನನ್ನ ಮೇಜಿನಿಂದಲೇ ತಡೆದು, ಒಂದೊಂದೇ ಸಾಲು ನಡೆಸಿ ತಪ್ಪು ಹುಡುಕಲು ಸರ್ವರ್ ಎಂಬ ಇನ್ನೊಂದು ಪ್ರೋಗ್ರಾಮ್ ಬರೆದಿದ್ದೆ. ಒಂದು ಸಾಲು ನಡೆದರೆ ಬೋರ್ಡಿನ ಹಸಿರು ದೀಪ ಒಮ್ಮೆ ಮಿನುಗುತ್ತಿತ್ತು. ಆ ಮಧ್ಯಾಹ್ನ ನಾನು ಕೀಲಿಮಣೆ ಮುಟ್ಟದಿದ್ದರೂ ಅದು ಮಿನುಗತೊಡಗಿತು.

ಆ ಸರ್ವರಿನ ಪಾಸ್‌ವರ್ಡ್ ಗೊತ್ತಿದ್ದ ಇನ್ನೊಬ್ಬರೆಂದರೆ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ.

"ಅಕ್ಕ, ನನ್ನ ಬೋರ್ಡಿಗೆ ಕೈ ಹಾಕಿದ್ದೀರಾ?"

"ನಂಗ್ಯಾಕಪ್ಪಾ ನಿನ್ನ ತಲೆನೋವು? ನಡಿ, ನೆಟ್‌ವರ್ಕ್ ಕೇಬಲ್ ಕಿತ್ತು ನೋಡೋಣ."

ಗಾಜಿನ ಗೋಡೆಯಾಚೆ ಹೋಗಿ ಕಿತ್ತೆ. ಬೋರ್ಡನ್ನು ಕೈಗೆತ್ತಿಕೊಂಡೆ. ಬೆಳಗಿನಿಂದ ಓಡಿದ್ದರೂ ಅದು ಮಂಜುಗಡ್ಡೆಯಂತೆ ತಣ್ಣಗಿತ್ತು. ದೀಪ ಮಿನುಗುತ್ತಲೇ ಇತ್ತು, ಯಾರೋ ಓದಿ, ಯೋಚಿಸಿ, ಮುಂದಿನ ಸಾಲಿಗೆ ಹೋಗುವಷ್ಟು ನಿಧಾನವಾಗಿ. ಅಕ್ಕ ಕೈಕಟ್ಟಿ ನನ್ನ ಪಕ್ಕದಲ್ಲೇ ನಿಂತಿದ್ದರು.

"ಕರೆಂಟಿನ ವೈರೂ ಕಿತ್ತುಬಿಡು," ಅಂದರು ಮೆಲ್ಲಗೆ.

"ಕೇಬಲ್‌ಗಿಂತ ಮೊದಲು ಕಿತ್ತಿದ್ದೇ ಅದನ್ನ, ಅಕ್ಕ."