ಉಗ್ರಮುಷ್ಟಿಯ ಕೋಟೆಗೆ ಹೋದ ಕೆಂಚವ್ವ

ಬಹಳ ಹಿಂದೆ, ಬೆಟ್ಟಗಳಿಗೂ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ, ತುಂಬೆಸೀಮೆ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆಲ್ಲ ಒಂದೇ ನದಿ. ನದಿ ಹುಟ್ಟುವ ಬೆಟ್ಟದ ನೆತ್ತಿಗೆ ಉಗ್ರಮುಷ್ಟಿ ಎಂಬ ಮಾಂತ್ರಿಕ ಬಂದು ಕೋಟೆ ಕಟ್ಟಿದ. ಅವನು ಅಂಗೈ ಚಾಚಿದರೆ ಸಾಕು, ಮುಟ್ಟದೆಯೇ ಬಂಡೆ ಹಾರುತ್ತಿತ್ತು, ಮರ ಬುಡಮೇಲಾಗುತ್ತಿತ್ತು. ನದಿಯ ಬಾಯಿಗೆ ಕಲ್ಲಿನ ಕದ ಹಾಕಿ, ನೀರನ್ನೆಲ್ಲ ತನ್ನ ಕೋಟೆಯ ಕೊಳದಲ್ಲೇ ಹಿಡಿದಿಟ್ಟುಕೊಂಡ. ಕೆಳಗೆ ಬಾವಿಗಳು ಬತ್ತಿದವು, ದನಗಳು ಬಾಯಿ ಬಿಟ್ಟವು.

ಮೂರು ಪಂದ್ಯ ಗೆದ್ದವರಿಗೆ ಕದ ತೆರೆಯುತ್ತೇನೆ, ಸೋತವರು ಕಲ್ಲಾಗಬೇಕು ಎಂದು ಅವನು ಡಂಗುರ ಹೊಡೆಸಿದ. ರಾಜ್ಯದ ಜಟ್ಟಿಗಳೆಲ್ಲ ಒಬ್ಬೊಬ್ಬರಾಗಿ ಬೆಟ್ಟ ಹತ್ತಿದರು. ಒಬ್ಬನೂ ಇಳಿದು ಬರಲಿಲ್ಲ. ಕೊನೆಗೆ ಹೋದವನು ದೊಡ್ಡಲಿಂಗ. ಅವನೂ ಬರಲಿಲ್ಲ.

ದೊಡ್ಡಲಿಂಗನಿಗೆ ಒಬ್ಬಳೇ ತಂಗಿ, ಕೆಂಚವ್ವ. ಕಲ್ಲುಕುಟಿಗರ ಮನೆಯ ಹೆಣ್ಣು, ಕಡ್ಡಿಯಂಥ ಮೈ. ಎಂಟು ದಿನ ಅಣ್ಣನ ದಾರಿ ಕಾದಳು. ಒಂಬತ್ತನೆಯ ದಿನ ಹಾರೆಯನ್ನು ಹೆಗಲಿಗೇರಿಸಿ ಅರಮನೆಗೆ ಹೋಗಿ, ತಾನು ಬೆಟ್ಟ ಹತ್ತುವುದಾಗಿ ತಿಳಿಸಿದಳು. ರಾಣಿ ಚಂಪಲಾದೇವಿಗೆ ಕರುಳು ಚುರುಕ್ಕೆಂದಿತು.

"ಅಂಥ ಜಟ್ಟಿಗಳೇ ಕಲ್ಲಾದರು. ನಿನ್ನ ತೋಳಲ್ಲಿ ಏನಿದೆ ತಾಯಿ?"

"ತೋಳಲ್ಲಿ ಏನೂ ಇಲ್ಲ, ಮಹಾರಾಣಿ. ಆದರೆ ಹುಟ್ಟಿದಾಗಿನಿಂದ ಕಲ್ಲಿನ ಜೊತೆ ಬದುಕಿದ್ದೀನಿ. ಅದು ಯಾವುದಕ್ಕೆ ಏಳುತ್ತದೆ, ಯಾವುದಕ್ಕೆ ಏಳುವುದಿಲ್ಲ ಅಂತ ಗೊತ್ತು."

ಕೋಟೆಯ ಅಂಗಳದ ತುಂಬ ಕಲ್ಲಿನ ಗಂಡಸರು. ದೊಡ್ಡಲಿಂಗ ಎರಡೂ ಕೈ ಮುಂದೆ ಚಾಚಿ, ಹಲ್ಲು ಕಚ್ಚಿಕೊಂಡು, ಏನನ್ನೋ ತಳ್ಳುತ್ತಿದ್ದ ಭಂಗಿಯಲ್ಲೇ ಕಲ್ಲಾಗಿದ್ದ. ಕೆಂಚವ್ವ ಸೆರಗಿನಿಂದ ಅವನ ಮುಖದ ಧೂಳು ಒರೆಸಿದಳು. ಅಳು ಬಂತು. ನುಂಗಿಕೊಂಡಳು.

ಮೊದಲ ಪಂದ್ಯ ಕಲ್ಲಾನೆಯದು. ಬಾಗಿಲ ಬಳಿಯಿದ್ದ ಕಲ್ಲಾನೆಯನ್ನು ಸೂರ್ಯ ಮುಳುಗುವುದರೊಳಗೆ ಕೊಳದ ದಂಡೆಗೆ ಸಾಗಿಸಬೇಕು. ಜಟ್ಟಿಗಳು ಅದಕ್ಕೆ ಎದೆಯೊಡ್ಡಿ ತಳ್ಳಿದ ಗುರುತು ನೆಲದಲ್ಲಿತ್ತು. ಅವರ ಕಾಲು ಹೂತಿತ್ತೇ ಹೊರತು ಆನೆ ಕದಲಿರಲಿಲ್ಲ. ಕೆಂಚವ್ವ ಆನೆಯನ್ನು ತಳ್ಳಲೇ ಇಲ್ಲ. ಮಾಂತ್ರಿಕ ಕಿತ್ತೆಸೆದ ಮರಗಳ ರೆಂಬೆ ಸವರಿ, ದುಂಡನೆಯ ದಿಮ್ಮಿಗಳನ್ನು ಹೊಂದಿಸಿಕೊಂಡಳು. ಆನೆಯ ಕಾಲಡಿಗೆ ಹಾರೆಯ ತುದಿ ತೂರಿಸಿ, ಹಾರೆಯಡಿಗೆ ಒಂದು ಗುಂಡುಕಲ್ಲಿಟ್ಟು, ಉದ್ದನೆಯ ಕಡೆ ಹಿಡಿದು ಜೋತುಬಿದ್ದಳು. ಆನೆಯ ಕಾಲು ಒಂದು ಬೆರಳಷ್ಟು ಎದ್ದಿತು. ಕಾಲಿನಿಂದಲೇ ಒಂದು ದಿಮ್ಮಿ ಒಳಗೆ ದೂಡಿದಳು. ಹೀಗೇ ಎರಡು, ಮೂರು, ನಾಲ್ಕು. ಆಮೇಲೆ ಬೆನ್ನು ಕೊಟ್ಟು ನೂಕಿದರೆ ಆನೆ ಗಡಗಡ ಉರುಳಿಕೊಂಡು ಹೋಯಿತು. ಹಿಂದೆ ಉಳಿದ ದಿಮ್ಮಿಯನ್ನು ಮುಂದಕ್ಕೆ ತಂದು ಹಾಕುತ್ತ, ಹೊತ್ತು ಮುಳುಗುವ ಮೊದಲೇ ದಂಡೆ ಮುಟ್ಟಿಸಿದಳು. ಕೊನೆಯ ದಿಮ್ಮಿ ದಾಟಿ ಆನೆ ಭದ್ರವಾಗಿ ನೆಲಕ್ಕೆ ಕೂತಿತು.

ಇಷ್ಟು ಭಾರ ಹೇಗೆ ತಂದೆ ಎಂದು ಉಗ್ರಮುಷ್ಟಿ ಹುಬ್ಬು ಗಂಟಿಕ್ಕಿ ಕೇಳಿದ.

"ನೆಲ ಅದನ್ನು ಹಿಡಿದುಕೊಂಡಿತ್ತು. ಆ ಹಿಡಿತ ಬಿಡಿಸಿದೆ, ಅಷ್ಟೇ."

ಮರುದಿನ ಬೆಳಿಗ್ಗೆ ಎರಡನೆಯ ಪಂದ್ಯ. ಕೊಂಬಿನ ತುದಿಯಲ್ಲಿ ಬೆಂಕಿ ಉರಿಯುವ ಮಾಯಾಗೂಳಿಯನ್ನು ಉಗ್ರಮುಷ್ಟಿ ಅಂಗಳಕ್ಕೆ ಬಿಟ್ಟ. ಅದನ್ನು ತಣ್ಣಗೆ ಮಾಡಬೇಕು. ಬಲಕ್ಕೆ ಬಲ ಒಡ್ಡಿದವರ ಗತಿಯನ್ನು ಕೆಂಚವ್ವ ಅಂಗಳದಲ್ಲೇ ನೋಡಿದ್ದಳು. ಅವಳು ಕೊಳದ ಅಂಚಿಗೆ ಹೋಗಿ, ನೀರಿಗೆ ಬೆನ್ನು ಹಾಕಿ, ಸೆರಗು ಬೀಸಿ ಕರೆದಳು. ಗೂಳಿ ಭೂಮಿ ನಡುಗುವಂತೆ ಓಡಿ ಬಂತು. ಅದರ ಉಸಿರಿನ ಬಿಸಿ ಮುಖಕ್ಕೆ ತಾಗುವವರೆಗೂ ನಿಂತಿದ್ದು, ಒಂದೇ ಹೆಜ್ಜೆ ಪಕ್ಕಕ್ಕೆ ಸರಿದಳು. ಓಡುವುದನ್ನು ನಿಲ್ಲಿಸುವುದು ಗೂಳಿಯ ಕೈಲೂ ಆಗಲಿಲ್ಲ. ತನ್ನ ವೇಗವೇ ಅದನ್ನು ಎಳೆದೊಯ್ದು ಕೊಳಕ್ಕೆ ಹಾಕಿತು. ಕೊಂಬಿನ ಬೆಂಕಿ ಚುಸ್ಸೆಂದು ಆರಿತು. ಮೇಲೆದ್ದು ಬಂದದ್ದು ಸಾಧು ಎತ್ತು. ಅವಳ ಕೈ ನೆಕ್ಕಿತು.

ಮೂರನೆಯ ಪಂದ್ಯಕ್ಕೆ ಉಗ್ರಮುಷ್ಟಿ ತಾನೇ ಎದ್ದ. ಅವನು ಒಮ್ಮೆ ತಳ್ಳುತ್ತಾನೆ. ಅವಳು ಬೀಳದೆ ನಿಲ್ಲಬೇಕು. ಮೊದಲು ಹೆದರಿಸಲೆಂದು ಮೆಟ್ಟಿಲ ಬಳಿ ನಿಂತು ಅಂಗೈ ಚಾಚಿ, ಮನೆಯಷ್ಟು ದೊಡ್ಡ ಬಂಡೆಯನ್ನು ಕೋಟೆಯಾಚೆ ಹಾರಿಸಿದ. ಕೆಂಚವ್ವ ಬಂಡೆಯನ್ನು ನೋಡಲಿಲ್ಲ, ಅವನ ಪಾದ ನೋಡಿದಳು. ತಳ್ಳುವ ಮೊದಲು ಅವನು ಹಿಮ್ಮಡಿಯನ್ನು ಮೆಟ್ಟಿಲಿಗೆ ಬಲವಾಗಿ ಒತ್ತಿದ್ದ. ನದಿ ಹರಿಯುತ್ತಿದ್ದಾಗ ಹರಿಗೋಲಿನಲ್ಲಿ ಕೂತು ದಡವನ್ನು ತಳ್ಳಿದರೆ, ದಡ ಅಲ್ಲೇ ಇದ್ದು ಹರಿಗೋಲೇ ಹಿಂದೆ ಹೋಗುತ್ತಿದ್ದುದು ಅವಳಿಗೆ ನೆನಪಾಯಿತು. ತಳ್ಳಿದವನನ್ನೂ ಯಾವುದೋ ತಳ್ಳುತ್ತದೆ. ಇವನನ್ನು ಕಾಯುತ್ತಿರುವುದು ಈ ಮೆಟ್ಟಿಲು.

ಅವಳು ಮೆಲ್ಲಗೆ ಹೇಳಿದಳು: "ಕೆಳಗೆ ಜನ ಒಂದು ಮಾತಾಡ್ತಾರೆ, ಸ್ವಾಮಿ. ಶಕ್ತಿ ಇರುವುದು ನಿಮ್ಮಲ್ಲಿ ಅಲ್ಲವಂತೆ, ಆ ಮೆಟ್ಟಿಲಿನಲ್ಲಿ ಅಂತೆ."

ಉಗ್ರಮುಷ್ಟಿಯ ಮುಖ ಕೆಂಡವಾಯಿತು. ಎಲ್ಲಿ ನಿಲ್ಲಬೇಕೋ ನೀನೇ ತೋರಿಸು ಎಂದ. ಅವಳು ಕೊಳದ ದಂಡೆಯ ಪಾಚಿಗಟ್ಟಿದ ಚಪ್ಪಡಿಯನ್ನು ತೋರಿಸಿದಳು. ತಾನು ಕಲ್ಲಾನೆಗೆ ಬೆನ್ನು ಆನಿಸಿ, ಕಾಲಗಲಿಸಿ ನಿಂತಳು. ಅವನು ನೀರಿಗೆ ಬೆನ್ನು ಮಾಡಿ ಎದುರು ನಿಂತು, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಅಂಗೈ ಚಾಚಿದ.

ಕೆಂಚವ್ವನ ಪಕ್ಕೆಲುಬು ಲಟಲಟ ಎಂದವು, ಕಣ್ಣು ಕತ್ತಲಿಟ್ಟಿತು. ಆದರೆ ಬೆನ್ನ ಹಿಂದೆ ಕಲ್ಲಾನೆ ಇತ್ತು, ಅವಳು ಬೀಳಲಿಲ್ಲ. ಉಗ್ರಮುಷ್ಟಿಯ ಬೆನ್ನಿಗೆ ಏನೂ ಇರಲಿಲ್ಲ, ಕಾಲಡಿಗೆ ಪಾಚಿ. ಅವಳನ್ನು ತಳ್ಳಿದಷ್ಟೇ ರಭಸದಲ್ಲಿ ಅವನು ಹಿಂದಕ್ಕೆ ಜಾರಿದ, ಕೊಳಕ್ಕೆ ಬಿದ್ದ, ನೀರನ್ನು ಸೀಳಿಕೊಂಡು ಹೋಗಿ ತಾನೇ ಹಾಕಿದ ಕಲ್ಲಿನ ಕದಕ್ಕೆ ಅಪ್ಪಳಿಸಿದ. ಕದ ಎರಡು ಹೋಳಾಯಿತು. ನದಿ ಭೋರ್ಗರೆದು ಹೊರಬಿದ್ದು, ಅವನನ್ನೂ ಅವನ ಮಾಯೆಯನ್ನೂ ಕೊಚ್ಚಿಕೊಂಡು ಹೋಯಿತು.

ಅಂಗಳದಲ್ಲಿ ನೂರು ಉಸಿರು ಒಟ್ಟಿಗೆ ಕೇಳಿಸಿದವು. ಕಲ್ಲಾಗಿದ್ದವರೆಲ್ಲ ಮೈ ಕೊಡವಿ ಎದ್ದರು. ದೊಡ್ಡಲಿಂಗ ತಳ್ಳುತ್ತಿದ್ದ ಕೈಗಳನ್ನು ಇಳಿಸಿ, ಸುತ್ತ ನೋಡಿ, ತಂಗಿಯನ್ನು ಕಂಡು ದಂಗಾದ. ನೀನು ಹೇಗೆ ಬಂದೆ, ಯಾರು ಗೆದ್ದರು ಎಂದು ಕೇಳಿದ. ಅವಳು ಅವನ ಎದೆಗೆ ಹಣೆಯಿಟ್ಟು ಅತ್ತಳು, ನಕ್ಕಳು. ಅಷ್ಟು ಹೊತ್ತು ನುಂಗಿಕೊಂಡದ್ದೆಲ್ಲ ಹರಿದುಹೋಯಿತು.

ಅವರು ಬೆಟ್ಟ ಇಳಿಯುವಾಗ ನೀರು ಅವರಿಗಿಂತ ಮುಂಚೆಯೇ ಊರು ಮುಟ್ಟಿತ್ತು. ಹೆಂಗಸರು ಕೊಡ ಹಿಡಿದು ಓಡಿ ಬಂದಿದ್ದರು, ಮಕ್ಕಳು ಬಟ್ಟೆ ಸಮೇತ ನದಿಗೆ ಹಾರಿದ್ದರು. ರಾಣಿ ಬರಿಗಾಲಲ್ಲಿ ಬಂದು ಕೆಂಚವ್ವನನ್ನು ತಬ್ಬಿಕೊಂಡಳು, ರಾಜ್ಯದ ಸೇತುವೆ, ಕೆರೆ, ಕಾಲುವೆಗಳ ಕೆಲಸಕ್ಕೆಲ್ಲ ಅವಳನ್ನೇ ಒಡತಿಯಾಗಿ ಮಾಡಿದಳು. ಜಟ್ಟಿಗಳು ಅವಳ ಕೈಕೆಳಗೆ ಕೆಲಸ ಕಲಿತರು. ಎಲ್ಲರಿಗಿಂತ ಹಟ ಮಾಡಿ ಕಲಿತವನು ದೊಡ್ಡಲಿಂಗ. ತುಂಬೆಸೀಮೆಯಲ್ಲಿ ಆಮೇಲೆ ಯಾರೂ ಬಾಯಾರಲಿಲ್ಲ, ಯಾರೂ ಯಾರಿಗೂ ಹೆದರಿ ತಲೆ ತಗ್ಗಿಸಲಿಲ್ಲ. ಅವರ ಹೊಲ ಹಸಿರಾಯಿತು, ಅವರ ಮನೆ ತುಂಬಿತು. ಈ ಕತೆ ಕೇಳಿದವರ ಮನೆಯೂ ತುಂಬಲಿ.